ಹಾಳೆ ಕಟ್ಟಿದ ಹೆಲ್ಮೆಟ್ಟು

ಕೆಲವರಿಗೆ ನಗೆಪಾಟಲಿಗೆ ಈಡಾಗಲು ಏನಾದರೂ ಕಾರಣ ಬೇಕು. ನನಗೆ ಅಂಥ ಕಾರಣ ದಿನಾ ಬೆಳಿಗ್ಗೆ ಏಳೂವರೆಗೆ ಪೂರ್ವ ದಿಕ್ಕಿನಿಂದ ತಾನಾಗಿಯೇ ಬರುತ್ತದೆ. ನನ್ನ ಮನೆ ಪುತ್ತೂರಿನಲ್ಲಿ, ಕೆಲಸ ಸುಳ್ಯದ ಆಚೆ. ಬೆಳಿಗ್ಗೆ ಬೈಕಿನಲ್ಲಿ ಹೊರಟರೆ ಸೂರ್ಯ ನೇರ ಮುಖಕ್ಕೆ. ಸಂಜೆ ವಾಪಸು ಬರುವಾಗ ಅವನು ಮೊದಲೇ ಪಶ್ಚಿಮಕ್ಕೆ ಹೋಗಿ ಮತ್ತೆ ಮುಖಕ್ಕೇ ಕಾದು ನಿಂತಿರುತ್ತಾನೆ. ನನ್ನ ಸಹೋದ್ಯೋಗಿಯೊಬ್ಬರು ಸುಳ್ಯದಲ್ಲಿದ್ದುಕೊಂಡು ಪುತ್ತೂರಿಗೆ ಕೆಲಸಕ್ಕೆ ಬರುತ್ತಾರೆ. ಅವರಿಗೆ ಎರಡು ಹೊತ್ತೂ ಸೂರ್ಯ ಬೆನ್ನಿಗೆ. ನಾವಿಬ್ಬರೂ ಒಂದೇ ವಯಸ್ಸಿನವರು, ಒಂದೇ ದಿನ ಕೆಲಸಕ್ಕೆ ಸೇರಿದವರು. ಈಗ ಅಕ್ಕಪಕ್ಕ ನಿಂತರೆ ಜನ ನನ್ನನ್ನು ಅವರ ಚಿಕ್ಕಪ್ಪ ಎಂದುಕೊಳ್ಳುತ್ತಾರೆ.

ನನ್ನದು ಪಶು ಆಸ್ಪತ್ರೆಯಲ್ಲಿ ಇನ್‌ಸ್ಪೆಕ್ಟರ್ ಕೆಲಸ. ಡಾಕ್ಟರಲ್ಲ. ಆದರೆ ಸೂಜಿ ಹಿಡಿದವರೆಲ್ಲ ನಮ್ಮೂರಿನಲ್ಲಿ ಡಾಕ್ಟ್ರೇ. ಸಿಬ್ಬಂದಿ ಕಡಿಮೆಯಾದ್ದರಿಂದ ವಾರಕ್ಕೆ ಎರಡು ದಿನ ಕಡಬದ ಕಡೆಗೂ ಹೋಗಬೇಕು. ಹೀಗಾಗಿ ಇಪ್ಪತ್ತೆರಡು ವರ್ಷಗಳಿಂದ ನನ್ನ ತಲೆಯ ಮೇಲೆ ಒಂದಲ್ಲ ಒಂದು ಹೆಲ್ಮೆಟ್ಟು ಇದ್ದೇ ಇದೆ. ಅದರ ಕೆಳಗೆ ನಡೆದ ಕೆಲವು ಸಂಗತಿಗಳನ್ನು ಹೇಳುತ್ತೇನೆ.

ರಸ್ತೆ ತಿರುಗಿತು, ನಾನು ತಿರುಗಲಿಲ್ಲ

ಕಳೆದ ಜನವರಿಯ ಒಂದು ಬೆಳಿಗ್ಗೆ. ಕನಕಮಜಲು ದಾಟಿ ಜಾಲ್ಸೂರಿನತ್ತ ಹೋಗುತ್ತಿದ್ದೆ. ಹೆಲ್ಮೆಟ್ಟಿನ ಗಾಜು ಹಳೆಯದು, ತುಂಬ ಗೀರುಗಳು. ಮರಗಳ ನೆರಳು ಮುಗಿದು ಬಿಸಿಲು ಬಿದ್ದದ್ದೇ ತಡ, ಗಾಜಿನ ತುಂಬ ಹಾಲು ಚೆಲ್ಲಿದ ಹಾಗೆ ಬೆಳ್ಳಗಾಯಿತು. ರಸ್ತೆ ಎಡಕ್ಕೆ ತಿರುಗಿತು. ನಾನು ನೇರ ಹೋದೆ.

ದೇವರು ದೊಡ್ಡವನು, ನೇರ ಹೋದಲ್ಲಿ ಒಂದು ಗೇಟು ತೆರೆದಿತ್ತು. ಗೇಟಿನೊಳಗೆ ಅಂಗಳ, ಅಂಗಳದ ಕೊನೆಗೆ ಜಗಲಿ, ಜಗಲಿಯ ಮೇಲೆ ಪೇಪರ್ ಓದುತ್ತ ಮನೆಯ ಯಜಮಾನರು. ಅವರ ಪೇಪರಿಗೂ ನನ್ನ ಬೈಕಿನ ಹೆಡ್‌ಲೈಟಿಗೂ ಒಂದು ಗೇಣು ಅಂತರ ಇರುವಾಗ ಬೈಕು ನಿಂತಿತು. ಬೈಸಿಕೊಳ್ಳಲು ಸಿದ್ಧನಾಗಿ ಹೆಲ್ಮೆಟ್ಟು ತೆಗೆದೆ.

"ಓ, ಡಾಕ್ಟ್ರು! ಎಂತ ಸ್ಪೀಡು ಮಾರಾಯ್ರೆ! ನಾನು ಆಸ್ಪತ್ರೆಗೆ ಫೋನ್ ಮಾಡಿ ಐದು ನಿಮಿಷ ಆಗ್ಲಿಲ್ಲ!" ಎಂದರು ಅವರು.

ಅವರ ದನಕ್ಕೆ ಹೊಟ್ಟೆ ಉಬ್ಬರಿಸಿತ್ತಂತೆ. ನಾನು ಗಂಟಲು ಸರಿಮಾಡಿಕೊಂಡು, "ನಮ್ಮ ಕರ್ತವ್ಯ ಅಲ್ವಾ" ಎಂದೆ. ದನಕ್ಕೆ ಮದ್ದು ಕೊಟ್ಟೆ, ಅವರು ಕೊಟ್ಟ ಕಾಫಿ ಕುಡಿದೆ. ಸರ್ಕಾರಿ ನೌಕರರ ಬಗ್ಗೆ ತನಗಿದ್ದ ಅಭಿಪ್ರಾಯವೇ ಬದಲಾಯಿತು ಎಂದು ಅವರು ಹೇಳಿದ್ದನ್ನು ವಿನಯದಿಂದ ಕೇಳಿಸಿಕೊಂಡೆ.

ವಿಷಯ ಅಲ್ಲಿಗೆ ಮುಗಿಯಬೇಕಿತ್ತು. ಮರುವಾರ ಒಂದು ಮದುವೆಯಲ್ಲಿ ಆ ಪುಣ್ಯಾತ್ಮರು ನನ್ನ ಹೆಂಡತಿಯ ಪಕ್ಕದಲ್ಲೇ ಊಟಕ್ಕೆ ಕುಳಿತರು. "ನಿಮ್ಮ ಯಜಮಾನ್ರು ಬಂದ ರಭಸ ನೋಡ್ಬೇಕಿತ್ತು ಅಕ್ಕ. ಗೇಟಿನ ಹತ್ರ ಬ್ರೇಕ್ ಸಹ ಹಾಕ್ಲಿಲ್ಲ. ಎರಡು ದಾಸವಾಳದ ಗಿಡ ಮುರಿದದ್ದೂ ಅವರಿಗೆ ಗೊತ್ತಾಗ್ಲಿಲ್ಲ" ಎಂದು ಹೊಗಳಿದರು. ಅವಳು ಪಾಯಸ ಮುಗಿಯುವವರೆಗೂ ನಗುತ್ತಲೇ ಇದ್ದಳು. ಮನೆಗೆ ಬಂದ ಮೇಲೆ ನಗೆ ನಿಂತಿತು.

"ಬಿಸಿಲಿಗೆ ಕಣ್ಣು ಕಾಣದೆ ಹೋದದ್ದಲ್ವಾ? ನನ್ನ ಹತ್ರ ಕರ್ತವ್ಯದ ಕತೆ ಬೇಡ. ಒಂದು ತಿಂಗಳು ಟೈಮ್ ಕೊಡ್ತೇನೆ. ಕಣ್ಣಿಗೆ ಬಿಸಿಲು ಬೀಳದ ಹಾಗೆ ಎಂತಾದ್ರೂ ವ್ಯವಸ್ಥೆ ಮಾಡಿ. ಇಲ್ಲದಿದ್ರೆ ಬೈಕಿನ ಕೀ ನನ್ನ ಕೈಗೆ, ನೀವು ಬಸ್ಸಿಗೆ."

ಬಸ್ಸಿಗೆ ಎಂದರೆ ನನ್ನ ತಿರುಗಾಟ ಮುಗಿಯಿತು ಎಂದೇ ಅರ್ಥ. ನಾನು ಹೋಗುವ ಅರ್ಧ ಮನೆಗಳಿಗೆ ಬಸ್ಸಿಳಿದು ಎರಡು ಮೈಲಿ ಹತ್ತಬೇಕು. ಆಫೀಸಿನಲ್ಲಿ ದನಗಳ ಕಿವಿಯ ಬಿಲ್ಲೆಯ ನಂಬರುಗಳನ್ನು ಕಂಪ್ಯೂಟರಿಗೆ ತುಂಬಿಸಲು ಜನ ಬೇಕೆಂದು ಮೇಲಧಿಕಾರಿಗಳು ಎರಡು ಸಲ ನನ್ನನ್ನು ಕೇಳಿದ್ದರು. ಬೈಕು ಬಿಟ್ಟರೆ ಆ ಕುರ್ಚಿಯೇ ಗತಿ. ನನಗೆ ನಿಜವಾಗಿ ಹೆದರಿಕೆಯಾಯಿತು. ಕಂಪ್ಯೂಟರಿನ ಮುಂದೆ ಕೂರುವುದಕ್ಕಿಂತ ದನದ ಹಿಂದೆ ನಿಲ್ಲುವುದೇ ನನಗಿಷ್ಟ. ದನ ಒದ್ದರೆ ಯಾಕೆ ಒದ್ದಿತು ಎಂದಾದರೂ ಗೊತ್ತಾಗುತ್ತದೆ.

ಬಡಿದು ನೋಡಿ ತಂದದ್ದು

ಪುತ್ತೂರಿನ ಹೆಲ್ಮೆಟ್ ಅಂಗಡಿಗೆ ಹೆಂಡತಿಯೂ ಬಂದಳು. ಅಂಗಡಿಯವರು ಒಳ್ಳೆಯ ಮನುಷ್ಯ. ತಲೆಗೆ ಟೇಪು ಸುತ್ತಿ ಅಳತೆ ತೆಗೆದರು. ಐಎಸ್‌ಐ ಗುರುತು ಎಲ್ಲಿರುತ್ತದೆ, ಗಲ್ಲದ ಪಟ್ಟಿ ಎಷ್ಟು ಬಿಗಿಯಿರಬೇಕು, ಬಿಳಿ ಗಾಜು ಯಾವಾಗ, ಕಪ್ಪು ಗಾಜು ಯಾವಾಗ ಎಂದೆಲ್ಲ ವಿವರಿಸಿದರು. ನನ್ನ ಹೆಂಡತಿ ಒಂದನ್ನೂ ಕೇಳಿಸಿಕೊಳ್ಳಲಿಲ್ಲ. ಐದು ಹೆಲ್ಮೆಟ್ಟುಗಳನ್ನು ಮೇಜಿನ ಮೇಲೆ ಸಾಲಾಗಿ ಇಡಿಸಿ, ಬೆರಳಿನ ಗಂಟಿನಿಂದ ಒಂದೊಂದನ್ನೇ ಬಡಿದು, ಕಿವಿ ಹತ್ತಿರ ತಂದು ಕೇಳತೊಡಗಿದಳು.

"ಎಂತ ನೋಡುದು ಅಕ್ಕ?" ಎಂದರು ಅಂಗಡಿಯವರು.

"ಶಬ್ದ. ಹಲಸಿನಕಾಯಿ ಬೆಳೆದಿದೆಯಾ ಇಲ್ವಾ ಅಂತ ನಾವು ಹೀಗೇ ನೋಡುದು."

ಅಂಗಡಿಯವರಿಗೂ ಹಲಸಿನಕಾಯಿ ಗೊತ್ತಿತ್ತು. ಹಾಗಾಗಿ ಎದುರು ಮಾತಾಡಲಿಲ್ಲ. ಅವಳು ಕೊನೆಗೆ ಒಂದು ಕೆಂಪು ಹೆಲ್ಮೆಟ್ಟನ್ನು ಆರಿಸಿದಳು, ಬಾಯಿ ಗಲ್ಲ ಎಲ್ಲ ಮುಚ್ಚುವಂಥದ್ದು. ನನ್ನ ತಲೆಗೆ ಹಾಕಿಸಿ ಮತ್ತೊಮ್ಮೆ ಬಡಿದಳು. ಹುಬ್ಬು ಗಂಟಿಕ್ಕಿ ಇನ್ನೊಂದು ಸಲ ಬಡಿದಳು. ಆಮೇಲೆ ಅಂಗಡಿಯವರತ್ತ ತಿರುಗಿ, "ಇದೆಂತ ಮಾರಾಯ್ರೆ, ಒಳಗೆ ತಲೆ ಇದ್ರೂ ಖಾಲಿ ಇದ್ದಾಗಿನ ಶಬ್ದವೇ ಬರ್ತದಲ್ಲ!" ಎಂದಳು.

ಅಂಗಡಿಯವರು ಗೋಡೆಯ ಕಡೆ ತಿರುಗಿ ಕಪಾಟಿನ ಧೂಳು ಒರೆಸಿದರು. ಬಹಳ ಹೊತ್ತು ಒರೆಸಿದರು.

ಹೆಲ್ಮೆಟ್ಟು ಎಷ್ಟು ಬಿಗಿಯಿತ್ತೆಂದರೆ ನನ್ನ ಎರಡೂ ಕೆನ್ನೆ ಒತ್ತಿ ಬಾಯಿ ಮುಂದೆ ಚಾಚಿಕೊಂಡಿತ್ತು. ಕಷ್ಟಪಟ್ಟು ಆಕ್ಷೇಪ ಹೇಳಿದೆ. "ಹೊಸತರಲ್ಲಿ ಹಾಗೇ ಸಾರ್, ಟೈಟ್ ಇದ್ರೇ ಒಳ್ಳೇದು. ಒಂದು ತಿಂಗಳು ಮಾತಾಡ್ಲಿಕ್ಕೆ ಸ್ವಲ್ಪ ಕಷ್ಟ ಆಗ್ತದೆ, ಅಷ್ಟೇ" ಎಂದು ಅಂಗಡಿಯವರು ಸಮಾಧಾನ ಹೇಳಿದರು.

"ಹಾಗಾದ್ರೆ ಇದೇ ಇರ್ಲಿ. ಮನೆಯ ಒಳಗೂ ಹಾಕ್ಬಹುದಲ್ವಾ?" ಎಂದಳು ಹೆಂಡತಿ.

ಒಳಗೆ ನಕ್ಕರೆ ಯಾರಿಗೆ ಲಾಭ

ಹೊಸ ಹೆಲ್ಮೆಟ್ಟಿಗೆ ಕಪ್ಪು ಗಾಜು ಹಾಕಿಸಿದೆ. ಸೂರ್ಯನೇನೋ ಸೋತ. ಆದರೆ ಊರಿನವರು ಗೆದ್ದರು. ಸುಳ್ಯದ ಆಚೆಯ ಗುತ್ತಿಗಾರಿನ ಕಡೆ ರಸ್ತೆಯಲ್ಲಿ ಎದುರು ಸಿಕ್ಕ ಗುರುತಿನವರಿಗೆ ಒಂದು ನಗೆಯಾದರೂ ಬೀರದೆ ಹೋಗುವುದೆಂದರೆ ದೊಡ್ಡ ಅಪರಾಧ. ಕಪ್ಪು ಗಾಜಿನೊಳಗಿನ ನನ್ನ ನಗೆ ಯಾರಿಗೆ ಕಾಣಬೇಕು? ಒಂದೇ ವಾರದಲ್ಲಿ, ಡಾಕ್ಟ್ರಿಗೆ ಪ್ರಮೋಷನ್ ಆಗಿದೆಯಂತೆ, ಈಗ ಯಾರೂ ಬೇಡವಂತೆ ಎಂದು ಸುದ್ದಿಯಾಯಿತು. ಪರಿಚಯದ ಕೃಷಿಕರೊಬ್ಬರು ಅಂಗಡಿ ಎದುರಿನಲ್ಲೇ ನನ್ನನ್ನು ಅಡ್ಡಗಟ್ಟಿ ಕೇಳಿದರು.

"ಮೂರು ಸಲ ಎದುರು ಸಿಕ್ಕಿದ್ದೀರಿ ಡಾಕ್ಟ್ರೆ. ಒಂದು ನಗೆ ಇಲ್ಲ."

"ನಕ್ಕಿದ್ದೆ ಮಾರಾಯ್ರೆ. ಹೆಲ್ಮೆಟ್ಟಿನ ಒಳಗೆ."

"ಒಳಗೆ ನಕ್ಕರೆ ನಮಗೆ ಎಂತ ಲಾಭ?"

ಮಾತು ನ್ಯಾಯವೇ. ಅಂದಿನಿಂದ ಕೈ ಎತ್ತುವ ಕ್ರಮ ಶುರುಮಾಡಿದೆ. ಆದರೆ ಕಪ್ಪು ಗಾಜಿನಲ್ಲಿ ಬಿಸಿಲು ತಂಪಾದರೆ ನೆರಳು ಕತ್ತಲಾಗುತ್ತದೆ. ಮರದಡಿಯಲ್ಲಿ ನಿಂತದ್ದು ಮನುಷ್ಯನೋ ಬಾಳೆಗಿಡವೋ ತಿಳಿಯುವುದಿಲ್ಲ. ಯಾಕೆ ಬೇಕು ನಿಷ್ಠುರ ಎಂದು ಕಂಡದ್ದಕ್ಕೆಲ್ಲ ಕೈ ಎತ್ತಿದೆ. ಮೈಲಿಕಲ್ಲಿಗೆ ಎತ್ತಿದೆ. ಹೊಲಿದು ನಿಲ್ಲಿಸಿದ ಗೊಬ್ಬರದ ಚೀಲಕ್ಕೆ ಎತ್ತಿದೆ. ಒಂದು ದಿನ ಎದುರಿನಿಂದ ಬಂದ ಬಸ್ಸು ಗಕ್ಕನೆ ನಿಂತಿತು. ಡ್ರೈವರು ತಲೆ ಹೊರಗೆ ಹಾಕಿ, "ಬೈಕಲ್ಲಿ ಕೂತ್ಕೊಂಡು ಬಸ್ಸಿಗೆ ಕೈ ಹಿಡಿಯುದು ಎಂತಕ್ಕೆ? ಹತ್ತುದಾದ್ರೆ ಹತ್ತಿ, ಬೈಕನ್ನು ಮೇಲೆ ಕಟ್ಟುವ!" ಎಂದ.

ಅದೂ ಹೋಗಲಿ. ಇನ್ನೊಂದು ಸಂಜೆ ರಬ್ಬರ್ ತೋಟದ ಬದಿಯಲ್ಲಿ ಯಾರೋ ಜೀಪು ನಿಲ್ಲಿಸಿದ ಹಾಗೆ ಕಪ್ಪಗೆ ಏನೋ ಕಂಡಿತು. ಗುರುತಿನ ಜೀಪೇ ಇರಬೇಕೆಂದು ಕೈ ಎತ್ತಿ ಮುಂದೆ ಹೋದೆ. ಮುಂದಿನ ತಿರುವಿನಲ್ಲಿ ಇಪ್ಪತ್ತು ಮೂವತ್ತು ಜನ ರಸ್ತೆಗೆ ಅಡ್ಡ ನಿಂತಿದ್ದರು. ಜೊತೆಗೆ ಅರಣ್ಯ ಇಲಾಖೆಯ ವಾಚರ್.

"ಅಲ್ಲಿ ಆನೆ ನಿಂತಿದೆ! ನೀವು ಹೇಗೆ ಬಂದ್ರಿ?" ಎಂದ ವಾಚರ್.

ಬೈಕು ನಿಲ್ಲಿಸಲು ಇಬ್ಬರು ಹಿಡಿದುಕೊಳ್ಳಬೇಕಾಯಿತು. ಆಗ ಪಕ್ಕದ ಗುಡ್ಡೆ ಇಳಿದು, ನಗೆಯ ಲಾಭ ಕೇಳಿದ್ದ ಆ ಕೃಷಿಕರು ಮುಂದೆ ಬಂದು, "ಬಂದದ್ದು ಮಾತ್ರ ಅಲ್ಲ, ಕೈ ಎತ್ತಿಕೊಂಡು ಬಂದ್ರು. ನಾನು ಗುಡ್ಡೆ ಮೇಲಿಂದ ಕಣ್ಣಾರೆ ನೋಡಿದೆ. ನಮಗೆ ಒಂದು ನಗೆ ಇಲ್ಲ, ಆನೆಗೆ ಮರ್ಯಾದೆ!" ಎಂದು ಎಲ್ಲರಿಗೂ ಕೇಳುವ ಹಾಗೆ ಹೇಳಿದರು.

ಕಪ್ಪು ಗಾಜನ್ನು ಅಂದೇ ಕಳಚಿದೆ. ತಿಂಗಳು ಮುಗಿಯಲು ಹನ್ನೆರಡು ದಿನ ಉಳಿದಿತ್ತು.

ಕೂಲಿಂಗ್ ಗ್ಲಾಸು

ಬಿಳಿ ಗಾಜು ಹಾಕಿ ಅದರೊಳಗೆ ಕೂಲಿಂಗ್ ಗ್ಲಾಸು ಧರಿಸಿ ನೋಡಿದೆ. ಬಿಗಿಯಾದ ಹೆಲ್ಮೆಟ್ಟಿನೊಳಗೆ ಅದರ ಕಡ್ಡಿಗಳು ಕಿವಿಯ ಮೇಲೆ ಒತ್ತಿ ಪ್ರಾಣ ಹಿಂಡಿದವು. ಹೆಲ್ಮೆಟ್ಟು ತೆಗೆದಾಗ ಕನ್ನಡಕ ಮುಖಕ್ಕೇ ಅಂಟಿಕೊಂಡಿತ್ತು. ಆ ದಿನ ಹೋದದ್ದು ಒಬ್ಬ ಅಜ್ಜಿಯ ಮನೆಗೆ. ಅವರ ಮುದಿ ದನ ನಾನು ಮುಟ್ಟುವ ಮೊದಲೇ ತೀರಿಕೊಂಡಿತ್ತು. ಕಪ್ಪು ಕನ್ನಡಕ ಹಾಕಿ, ಕಿವಿ ನೋವಿಗೆ ಮುಖ ಹಿಂಡಿಕೊಂಡು, ಕೆನ್ನೆಯ ಮೇಲೆ ಬೆವರು ಇಳಿಸುತ್ತ ನಾನು ನಿಂತಿದ್ದೆ. ಅಜ್ಜಿ ತನ್ನ ಕಣ್ಣು ಒರೆಸಿಕೊಂಡು ನನ್ನ ಹತ್ತಿರ ಬಂದರು.

"ಅಳ್ಬೇಡಿ ಡಾಕ್ಟ್ರೆ. ಅದಕ್ಕೆ ವಯಸ್ಸಾಗಿತ್ತು. ನೀವು ಹೀಗೆ ಸತ್ತದ್ದಕ್ಕೆಲ್ಲ ಅತ್ತರೆ ನಿಮ್ಮ ಹೆಂಡ್ತಿ ಮಕ್ಕಳ ಗತಿ ಎಂತ?"

ನಾನೂ ಕಣ್ಣೊರೆಸಿಕೊಂಡೆ. ಬೇರೆ ದಾರಿಯಿರಲಿಲ್ಲ.

ಇಚಿಲಂಪಾಡಿಯ ಔಷಧ

ಕಡಬದ ಕಡೆಯ ಇಚಿಲಂಪಾಡಿಯಲ್ಲಿ ಒಬ್ಬರು ರಬ್ಬರ್ ಕೃಷಿಕರಿದ್ದಾರೆ. ಅವರ ಅಪ್ಪನ ಕಾಲದಲ್ಲಿ ಕೇರಳದಿಂದ ಬಂದು ನೆಲೆಸಿದ ಕ್ರಿಶ್ಚಿಯನ್ ಮನೆತನ. ಅವರ ಜೆರ್ಸಿ ದನಕ್ಕೆ ಎರಡೇ ಸಲಕ್ಕೆ ನನ್ನ ಹೊಸ ಹೆಲ್ಮೆಟ್ಟು ಗುರುತಾಗಿಬಿಟ್ಟಿತ್ತು. ಅಂಗಳದಲ್ಲಿ ಕೆಂಪು ಕಂಡರೆ ಸಾಕು, ಹಗ್ಗ ಹರಿದುಕೊಂಡು ರಬ್ಬರ್ ಶೀಟು ಒಣಗಿಸುವ ಶೆಡ್ಡಿನ ಹಿಂದೆ ಓಡುತ್ತಿತ್ತು.

"ಸಾರೆ, ಅದಕ್ಕೆ ನಿಮ್ಮ ಮೇಲೆ ಸಿಟ್ಟು ಇಲ್ಲ. ಸೂಜಿ ಆ ಹೆಲ್ಮೆಟ್ಟಿನಿಂದ ಬರುದು ಅಂತ ಅದು ತಿಳ್ಕೊಂಡಿದೆ" ಎಂದು ಅವರು ಸಮಾಧಾನ ಹೇಳಿದರು.

ದನ ಹುಡುಕಿ ಸುಸ್ತಾಗಿ ಕುಳಿತಾಗ ನನ್ನ ಬಿಸಿಲಿನ ಕಷ್ಟವನ್ನೂ ಹೆಂಡತಿಯ ಗಡುವನ್ನೂ ಅವರಿಗೆ ಹೇಳಿಕೊಂಡೆ. ಅವರು ಎದ್ದು ಹೋಗಿ, ಅಡಿಕೆ ಮರದಿಂದ ಆಗಷ್ಟೇ ಬಿದ್ದ ಸೋಗೆಯ ಬುಡದ ಅಗಲ ಹಾಳೆಯೊಂದನ್ನು ತಂದರು. ಊರಿನವರು ತಲೆಗೆ ಟೊಪ್ಪಿ ಮಾಡಿ ಹಾಕಿಕೊಳ್ಳುವುದು ಇದೇ ಹಾಳೆಯಿಂದ. ರಬ್ಬರ್ ಮರ ಕೆತ್ತುವ ಕತ್ತಿಯಲ್ಲಿ ಅದನ್ನು ಬಾಗಿದ ಸೂರಿನ ಹಾಗೆ ಕತ್ತರಿಸಿ, ನನ್ನ ಹೆಲ್ಮೆಟ್ಟಿನ ಹಣೆಯ ಮೇಲಿಟ್ಟು, ಹಳೆಯ ಟ್ಯೂಬಿನ ಪಟ್ಟಿಯಿಂದ ಸುತ್ತ ಬಿಗಿದರು. ಹೆಲ್ಮೆಟ್ಟಿಗೆ ಒಂದು ತೂತೂ ಕೊರೆಯಲಿಲ್ಲ.

ಹಾಕಿಕೊಂಡು ಪಶ್ಚಿಮಕ್ಕೆ ಮುಖ ಮಾಡಿ ನಿಂತೆ. ಕಣ್ಣಿಗೆ ನೆರಳು, ಎದುರಿನ ದಾರಿ ಸ್ಪಷ್ಟ. ಇಪ್ಪತ್ತೆರಡು ವರ್ಷದಲ್ಲಿ ನಾನು ಸಂಜೆಯ ದಾರಿಯನ್ನು ಪೂರ್ತಿ ಕಣ್ಣು ಬಿಟ್ಟು ನೋಡಿದ್ದು ಅದೇ ಮೊದಲು. ಆ ಮನುಷ್ಯನ ಕೈ ಹಿಡಿದುಕೊಂಡೆ. ನನಗೆ ಮಾತು ಹೊರಡಲಿಲ್ಲ. ಹೆಲ್ಮೆಟ್ಟಿನ ಬಿಗಿಯೂ ಸ್ವಲ್ಪ ಕಾರಣವಿರಬಹುದು.

ಅಷ್ಟರಲ್ಲಿ ಬದಿಯಿಂದ ಯಾರೋ ತಲೆಯನ್ನು ಎಳೆದ ಹಾಗಾಯಿತು. ತಿರುಗಿದರೆ ಅದೇ ಜೆರ್ಸಿ ದನ. ನಮ್ಮ ಕಡೆಯ ದನಗಳು ಕರುವಾಗಿದ್ದಾಗಿನಿಂದ ಕೊಚ್ಚಿದ ಹಾಳೆ ತಿಂದೇ ಬೆಳೆದವು. ಹೆಲ್ಮೆಟ್ಟಿನ ಹೆದರಿಕೆಯನ್ನೆಲ್ಲ ಮರೆತು ಅದು ನನ್ನ ಹಣೆಯ ಸೂರನ್ನು ಜಗಿಯುತ್ತಿತ್ತು. ಹೆಲ್ಮೆಟ್ಟು ಕಳಚಿ ಅದರ ಮುಂದಿಟ್ಟು ನಾನು ಹಿಂದೆ ಹೋದೆ. ಸೂಜಿ ಚುಚ್ಚಿದ್ದೂ ಅದಕ್ಕೆ ಗೊತ್ತಾಗಲಿಲ್ಲ.

ಅಂದಿನಿಂದ ಬೈಕಿನ ಪೆಟ್ಟಿಗೆಯಲ್ಲಿ ಮದ್ದಿನ ಜೊತೆ ಐದಾರು ಹಾಳೆಯೂ ಇರುತ್ತಿತ್ತು. ಸುದ್ದಿ ಹಬ್ಬಿತು. ಒದೆಯುವ ದನಗಳಿದ್ದ ಮನೆಯವರೆಲ್ಲ ಫೋನ್ ಮಾಡತೊಡಗಿದರು. ಒಬ್ಬರಂತೂ, "ಡಾಕ್ಟ್ರೆ, ನಾಳೆ ಆ ಹೆಲ್ಮೆಟ್ಟು ಒಮ್ಮೆ ಕಳಿಸಿಕೊಡಿ. ಪುರುಸೊತ್ತಿದ್ರೆ ನೀವೂ ಬನ್ನಿ" ಎಂದರು.

ಪರೀಕ್ಷೆಯ ದಿನ

ಹೆಂಡತಿ ಕೊಟ್ಟ ತಿಂಗಳ ಕೊನೆಯ ದಿನ ಬಂತು. ಹೆಂಡತಿ ಬೆಳಿಗ್ಗೆ ಬಸ್ಸಿನಲ್ಲಿ ಸುಳ್ಯದ ತಂಗಿಯ ಮನೆಗೆ ಬಂದಿದ್ದಳು. ಸಂಜೆ ಐದಕ್ಕೆ ತನ್ನದೂ ಒಂದು ಹೆಲ್ಮೆಟ್ಟು ಹಾಕಿಕೊಂಡು ನನ್ನ ಹಿಂದೆ ಕುಳಿತಳು. ಅವಳು ಇಟ್ಟ ಪರೀಕ್ಷೆಯ ನಿಯಮ ಒಂದೇ. ಪುತ್ತೂರು ಮುಟ್ಟುವವರೆಗೆ ನಾನು ಬಿಸಿಲಿಗೆ ಒಂದು ಸಲವೂ ಕಣ್ಣು ಮುಚ್ಚಬಾರದು. ಹಿಂದೆ ಕುಳಿತವಳಿಗೆ ಅದು ಹೇಗೆ ಗೊತ್ತಾಗುತ್ತದೆ ಎಂದು ನಾನು ಧೈರ್ಯದಲ್ಲಿದ್ದೆ. ಅವಳು ಕೈ ಚಾಚಿ ಎಡಗಡೆಯ ಕನ್ನಡಿಯನ್ನು ನನ್ನ ಮುಖಕ್ಕೆ ತಿರುಗಿಸಿಟ್ಟಳು.

ಆ ದಿನ ಬೆಳಗ್ಗಿನಿಂದ ಹೋದಲ್ಲೆಲ್ಲ ದನಗಳು ಹಾಳೆ ಮುಗಿಸಿದ್ದವು. ಉಳಿದದ್ದು ಹೆಲ್ಮೆಟ್ಟಿಗೆ ಕಟ್ಟಿದ್ದು ಒಂದೇ. ಆದರೂ ಒಂದು ಸಾಕಿತ್ತು. ಜಾಲ್ಸೂರು ದಾಟಿತು, ಕನಕಮಜಲು ದಾಟಿತು. ಸೂರ್ಯ ಎದುರಿನಲ್ಲೇ ಇದ್ದ, ನನ್ನ ಕಣ್ಣು ಮಿಟುಕಲಿಲ್ಲ. ಕನ್ನಡಿಯೊಳಗೆ ನನ್ನನ್ನೇ ನೋಡುತ್ತಿದ್ದ ಹೆಂಡತಿಯ ಮುಖ ಸ್ವಲ್ಪ ಸ್ವಲ್ಪವೇ ಸಡಿಲವಾಗುತ್ತಿತ್ತು.

ಕಾವು ದಾಟಿದ ಮೇಲೆ ರಸ್ತೆಯ ಮಧ್ಯದಲ್ಲಿ ಒಬ್ಬರು ಮೈ ಒರೆಸುವ ಬೈರಾಸು ಬೀಸುತ್ತ ನಿಂತಿದ್ದರು. ಹಾಳೆ ಕಟ್ಟಿದ ಹೆಲ್ಮೆಟ್ಟನ್ನು ಅವರು ದೂರದಿಂದಲೇ ಗುರುತು ಹಿಡಿದಿದ್ದರು.

"ಡಾಕ್ಟ್ರೆ, ದೇವರ ಹಾಗೆ ಬಂದ್ರಿ. ನಮ್ಮ ಗಡಸು, ಮೊದಲ ಸಲ ಕರು ಹಾಕುದು, ಮಧ್ಯಾಹ್ನದಿಂದ ನೋವು ತಿಂತಾ ಉಂಟು. ಕರುವಿನ ಒಂದು ಕಾಲು ಮಾತ್ರ ಕಾಣ್ತದೆ. ಹತ್ರ ಹೋದ್ರೆ ಹಾಯ್ಲಿಕ್ಕೆ ಬರ್ತದೆ."

ನಾನು ಹೆಂಡತಿಯನ್ನು ನೋಡಿದೆ. "ಪರೀಕ್ಷೆ ಆಮೇಲೆ. ಮೊದಲು ಹೋಗಿ" ಎಂದಳು.

ಕೊಟ್ಟಿಗೆಯಲ್ಲಿ ಚೊಚ್ಚಲ ಬಸುರಿನ ಗಡಸು ಕಣ್ಣು ಕೆಂಪು ಮಾಡಿಕೊಂಡು ನಿಂತಿತ್ತು. ಹೆಲ್ಮೆಟ್ಟು ತೆಗೆದು ಹೆಂಡತಿಯ ಕೈಗೆ ಕೊಟ್ಟು, "ಇದನ್ನು ಅದರ ಬಾಯಿಯ ಎದುರು ಹಿಡ್ಕೋ" ಎಂದೆ. ಪೇಟೆಯಲ್ಲಿ ಹುಟ್ಟಿ ಬೆಳೆದ ಅವಳಿಗೆ ದನವೆಂದರೆ ಪ್ರಾಣಭಯ. ತನ್ನ ಹೆಲ್ಮೆಟ್ಟನ್ನು ತೆಗೆಯದೆಯೇ, ನನ್ನದನ್ನು ಎರಡೂ ಕೈಯಲ್ಲಿ ಚಾಚಿ ಹಿಡಿದು, ಕಣ್ಣು ಗಟ್ಟಿಯಾಗಿ ಮುಚ್ಚಿಕೊಂಡಳು.

"ಕಣ್ಣು ಮುಚ್ಚಬಾರದು!" ಎಂದೆ ನಾನು ಹಿಂದಿನಿಂದ.

"ನೀವು ನಿಮ್ಮ ಕೆಲಸ ನೋಡಿ!" ಎಂದಳು ಅವಳು ಮುಂದಿನಿಂದ.

ಗಡಸು ಹಾಳೆ ಜಗಿಯತೊಡಗಿತು. ಕರುವಿನ ಇನ್ನೊಂದು ಮುಂಗಾಲು ಒಳಗೆ ಮಡಚಿಕೊಂಡಿತ್ತು. ಭುಜದವರೆಗೆ ಕೈ ಹಾಕಿ ಅದನ್ನು ಹುಡುಕಿ ನೇರ ಮಾಡಲು ಅರ್ಧ ಗಂಟೆಯೇ ಹಿಡಿಯಿತು. ಒಂದು ಹಂತದಲ್ಲಿ, ಕೈಮೀರಿತು ಎಂದೇ ಅನ್ನಿಸಿತ್ತು. ಕೊನೆಗೆ ಮನೆಯವರೂ ನಾನೂ ಸೇರಿ ಎಳೆದಾಗ ಕರು ಹುಲ್ಲಿನ ಮೇಲೆ ಜಾರಿತು. ಮೂಗು ಒರೆಸಿ ಎದೆ ತಿಕ್ಕಿದೆ. ಉಸಿರಾಡಲಿಲ್ಲ. ಮತ್ತೆ ತಿಕ್ಕಿದೆ. ಒಂದು ಸೀನು ಬಂತು, ಆಮೇಲೆ ಕಿವಿ ಅಲ್ಲಾಡಿತು. ಹೆಣ್ಣು ಕರು.

ಹೆಂಡತಿ ಯಾವಾಗಲೋ ಕಣ್ಣು ತೆರೆದಿದ್ದಳು. ಇಪ್ಪತ್ತೆರಡು ವರ್ಷ ಅವಳು ಕಂಡದ್ದು ಸೆಗಣಿ ನಾತದ ನನ್ನ ಬಟ್ಟೆಗಳನ್ನು ಮಾತ್ರ. ಅವಳ ಕೆನ್ನೆಯಲ್ಲಿ ನೀರಿಳಿಯುತ್ತಿತ್ತು. ಏನಾಯಿತು ಎಂದು ಕೇಳಿದರೆ ಬಿಸಿಲಿಗೆ ಅಂದಳು. ಆ ಕೊಟ್ಟಿಗೆಗೆ ಒಂದು ಕಿಟಕಿಯೂ ಇರಲಿಲ್ಲ.

ಹೊರಗೆ ಬಂದು ನೋಡಿದರೆ ಹೆಲ್ಮೆಟ್ಟಿನ ಮೇಲೆ ಟ್ಯೂಬಿನ ಪಟ್ಟಿ ಮಾತ್ರ ಉಳಿದಿತ್ತು. ಹಾಳೆ ಪೂರ್ತಿ ಗಡಸಿನ ಹೊಟ್ಟೆಯಲ್ಲಿ. ಪುತ್ತೂರಿಗೆ ಇನ್ನೂ ಅಷ್ಟು ದೂರವಿತ್ತು, ಸೂರ್ಯ ರಸ್ತೆಯ ಕೊನೆಯಲ್ಲಿ ಕಣ್ಣಿನ ಮಟ್ಟಕ್ಕೇ ಇಳಿದು ಕುಳಿತಿದ್ದ. ನಾನು ಸೋತಿದ್ದೆ. ಗಡುವು ಅಂದಿಗೇ ಮುಗಿಯುತ್ತಿತ್ತು, ಮಾತಿಗೆ ತಪ್ಪುವ ಮನಸ್ಸಿರಲಿಲ್ಲ. ಆ ಕಂಪ್ಯೂಟರು, ಆ ಕುರ್ಚಿ, ಆ ನಂಬರುಗಳು ಎಲ್ಲ ಕಣ್ಣಿನ ಮುಂದೆ ಬಂದವು. ಜೇಬಿಗೆ ಕೈ ಹಾಕಿ ಬೈಕಿನ ಕೀ ತೆಗೆದು ಅವಳ ಮುಂದೆ ಚಾಚಿದೆ. "ತಗೋ. ನಾಳೆಯಿಂದ ಬಸ್ಸು" ಎಂದೆ.

ಅವಳು ಕೀಯನ್ನು ನೋಡಿದಳು. ಭುಜದವರೆಗೆ ರಕ್ತ, ಲೋಳೆ, ಸೆಗಣಿ ಮೆತ್ತಿಕೊಂಡ ನನ್ನ ಕೈಯನ್ನು ನೋಡಿದಳು. ಕೊಟ್ಟಿಗೆಯೊಳಗೆ ಎದ್ದು ನಿಲ್ಲಲು ಪರದಾಡುತ್ತಿದ್ದ ಕರುವನ್ನೂ ಒಮ್ಮೆ ನೋಡಿದಳು. ಆಮೇಲೆ ಎರಡು ಹೆಜ್ಜೆ ಹಿಂದೆ ಸರಿದಳು.

"ಛೀ! ಆ ಕೈಯಲ್ಲಿ ಕೊಟ್ಟ ಕೀ ಯಾರು ಮುಟ್ತಾರೆ? ನಿಮ್ಮ ಹತ್ರವೇ ಇರ್ಲಿ."

ಮನೆಯವರು ಬಿಸಿನೀರು, ಸಾಬೂನು ಹಿಡಿದುಕೊಂಡು ಓಡಿ ಬಂದು, "ಕೈ ತೊಳೀರಿ ಡಾಕ್ಟ್ರೆ" ಎಂದರು.

"ಅವಸರ ಎಂತ ಮಾರಾಯ್ರೆ, ಮನೆಗೆ ಹೋಗಿ ತೊಳೀತೇನೆ" ಎಂದೆ.